ಗಾಳಿಗೆ ಹಾಕಿದ ಬೇಲಿ

ಮೂಡಲಗಿಯ ನಮ್ಮ ಹಳೆಯ ಮನೆಯ ಟ್ರಂಕಿನಲ್ಲಿ ಈಚೆಗೆ ನನಗೊಂದು ಪುಟ್ಟ ಪುಸ್ತಕ ಸಿಕ್ಕಿತು. ತಂದೆಯವರ ರೇಡಿಯೋ ಲೈಸೆನ್ಸು. ವರ್ಷಕ್ಕೆ 15 ರೂಪಾಯಿ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಅಂಚೆ ಕಚೇರಿಯ ಮುದ್ರೆಗಳು ಇನ್ನೂ ಮಾಸಿಲ್ಲ. ರೇಡಿಯೋ ಕೇಳಲಿಕ್ಕೂ ಪರವಾನಗಿಯೇ ಎಂದು ಮೊಮ್ಮಗ ನಕ್ಕ. ಕೇಳುವುದಿರಲಿ, ಲೈಸೆನ್ಸಿಲ್ಲದೆ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದೇ 1933ರ ಕಾಯಿದೆಯ ಪ್ರಕಾರ ಅಪರಾಧವಾಗಿತ್ತು.

ಆ ಕಾಯಿದೆಯ ಹಿಂದೆ ಒಂದು ದಿವಾಳಿಯ ಕಥೆಯುಂಟು. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪ್ರಸಾರ ಆರಂಭಿಸಿತು. ಲೈಸೆನ್ಸಿನ ಹಣದ ಪಾಲೇ ಅದರ ಮುಖ್ಯ ಆಧಾರ. ಆದರೆ ಗಾಳಿಯಲ್ಲಿ ಬಿಟ್ಟ ದನಿ ಹಣ ಕೊಟ್ಟವನಾರು, ಕೊಡದವನಾರು ಎಂದು ನೋಡುವುದಿಲ್ಲವಷ್ಟೆ. ದೇಶದಲ್ಲೆಲ್ಲ ಲೈಸೆನ್ಸುಗಳು 8 ಸಾವಿರ ಮುಟ್ಟುವ ಮೊದಲೇ, 1930ರಲ್ಲಿ, ಕಂಪನಿ ಮುಚ್ಚಿತು. ಗಾಳಿಗೆ ಬೇಲಿ ಹಾಕಲಾಗದ ಸರಕಾರ ಪೆಟ್ಟಿಗೆಗೆ ಹಾಕಿತು.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಹುಟ್ಟಿದ ಮೇಲೆ ನಮ್ಮ ಕಡೆಯೂ ರೇಡಿಯೋ ಹೆಚ್ಚಿದವು. ಇನ್ಸ್‌ಪೆಕ್ಟರರು ಗೋಕಾಕಕ್ಕೆ ಬಂದಿದ್ದಾರೆಂಬ ಸುದ್ದಿ ಅವರಿಗಿಂತ ಮೊದಲೇ ಬಸ್ಸಿನಲ್ಲಿ ಮೂಡಲಗಿಗೆ ಬರುತ್ತಿತ್ತು. ಆ ದಿನ ಕೆಲವು ಮನೆಗಳ ರೇಡಿಯೋಗಳು ಕೌದಿಯೊಳಗೆ ಮಲಗುತ್ತಿದ್ದವು! ನಮ್ಮ ಮನೆಯಲ್ಲಿ ಆ ಭಯವಿರಲಿಲ್ಲ. ಸಂಜೆ ಪಡಸಾಲೆಯಲ್ಲಿ ಓಣಿಯವರೆಲ್ಲ ಬಂದು ಕೂರುತ್ತಿದ್ದರು. ಲೈಸೆನ್ಸು ಒಂದು, ಕಿವಿ ಮೂವತ್ತು. ಕಾಯಿದೆ ಕಿವಿಗಳನ್ನು ಎಣಿಸಲಿಲ್ಲ.

ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಅಲ್ಲಿದ್ದ ನಮ್ಮ ಸೋದರಮಾವ ತಂದೆಯವರನ್ನು ಕೆಣಕುತ್ತಿದ್ದರು: "ಕರೆಂಟಿಗೆ ಮೀಟರ್ ಐತ್ರೀ ಭಾವಾ, ಧಾರವಾಡದ ಹಾಡಿಗೆ ಎಲ್ಲಿ ಮೀಟರ್ ಕೂಡಸ್ತೀರಿ?" ತಂದೆಯವರ ಬಳಿ ಉತ್ತರವಿರಲಿಲ್ಲ. ಸರಕಾರದ ಬಳಿಯೂ ಇರಲಿಲ್ಲವೆಂದು ತೋರುತ್ತದೆ. 1980ರ ದಶಕದ ನಡುವೆ ಲೈಸೆನ್ಸನ್ನೇ ಕೈಬಿಟ್ಟಿತು.

ಮೀಟರು ಬಂದದ್ದು ದೂರದರ್ಶನದ ಕಾಲದಲ್ಲಿ. ಮೊದಲು ಕೇಬಲ್ಲಿನವನು ಹಣ ಬಾರದಿದ್ದರೆ ತಂತಿ ಕತ್ತರಿಸುತ್ತಿದ್ದ. ಆದರೆ ಅವನಿಗೆ ಎಷ್ಟು ಮನೆಗಳುಂಟೆಂಬುದು ಅವನಿಗೇ ಗೊತ್ತು, ಚಾನೆಲ್ಲಿನವರಿಗೆ ಅವನು ಹೇಳಿದ್ದೇ ಲೆಕ್ಕ. 1995ರ ಕೇಬಲ್ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ ಸೆಟ್‌ಟಾಪ್ ಡಬ್ಬಿ ಕಡ್ಡಾಯವಾಯಿತು. ಹಳ್ಳಿಗಳವರೆಗಿನ ಗಡುವು ಮುಂದೆ ಹೋಗುತ್ತ 2017ರ ಮಾರ್ಚಿಗೆ ಬಂದು ನಿಂತಿತು. ಚಿತ್ರ ಎಲ್ಲರ ಮನೆಗೂ ಕಲಸಿದ ರೂಪದಲ್ಲೇ ಬರುತ್ತದೆ. ಬಿಡಿಸುವ ಕೀಲಿ ಮಾತ್ರ ಹಣ ಕೊಟ್ಟವನ ಡಬ್ಬಿಗೆ. ಕಂಪ್ಯೂಟರ್ ಜಾಲದ ರೀತಿ ಇನ್ನೂ ಸೂಕ್ಷ್ಮ. ಕಾರ್ಯಕ್ರಮದ ಒಂದೇ ಪ್ರತಿ ಹೊರಡುತ್ತದೆ. ಕವಲು ಬಂದಲ್ಲಿ, ಬೇಡಿದ ಮನೆಗಳ ಕಡೆಗೆ ಮಾತ್ರ ನಕಲಾಗುತ್ತದೆ. ಚಂದಾದಾರನೊಬ್ಬ ಬಿಟ್ಟುಹೋದರೆ ಉಳಿದವರಿಗೆಲ್ಲ ಹೊಸ ಕೀಲಿ ಹಂಚಬೇಕು, ಬಾಡಿಗೆದಾರ ಮನೆ ಬಿಟ್ಟಾಗ ಬೀಗ ಬದಲಿಸುವಂತೆ.

ಹಣ ತೆತ್ತವನಿಗೆ ಸಿಗಬೇಕು, ದುಡಿದವನಿಗೆ ಮುಟ್ಟಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಆದರೆ ಮೊನ್ನೆ ಮೊಮ್ಮಗ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ನನಗೂ ತೋರಿಸೆಂದು ನನ್ನ ಫೋನು ಕೊಟ್ಟೆ. ಒಂದು ಚಂದಾಕ್ಕೆ ಒಂದೇ ಫೋನೆಂದು ಅದು ನಿರಾಕರಿಸಿತು. ಕೊನೆಗೆ ಅವನೇ ಸರಿದು, ಪಡಸಾಲೆಯ ಚಾಪೆಯ ಮೇಲೆ ನನಗೂ ಜಾಗ ಮಾಡಿಕೊಟ್ಟ.