ಗುಬ್ಬಿ ತೋಟದಪ್ಪ ರಸ್ತೆಯಲ್ಲಿ ಒಂದು ರೂಮು

(ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲಿಲ್ಲ. ನಾಲ್ಕು ಪೋಸ್ಟ್ ಆಗಿದೆ, ಸಮಾಧಾನವಾಗಿ ಓದಿ.)

1️⃣
ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು ರೂಮು ಹುಡುಕಿದ್ದೀರಾ? ಹುಡುಕಿದ್ರೆ ಈ ಫೋಟೋದಲ್ಲಿರೋ ಬೋರ್ಡನ್ನ ನೋಡಿರ್ತೀರಿ, ಓದಿರಲ್ಲ ಅಷ್ಟೆ. ಗುಬ್ಬಿ ತೋಟದಪ್ಪ ರಸ್ತೆ. ರೈಲ್ವೆ ಸ್ಟೇಷನ್ನಿಗೂ ಬಸ್ ಸ್ಟ್ಯಾಂಡಿಗೂ ಕೂಗಳತೆ. ಉದ್ದಕ್ಕೂ ಲಾಡ್ಜುಗಳು. ನೀವು ಫೋನಿನಲ್ಲಿ ಎಷ್ಟು ಸ್ಟಾರು, ಬಿಸಿನೀರು ಎಷ್ಟು ಗಂಟೆವರೆಗೆ, ಚೆಕ್ ಔಟ್ ಯಾವಾಗ ಅಂತ ನೋಡ್ತಾ ನಿಂತಿರ್ತೀರಿ. ಆ ರಸ್ತೆಗೆ ಹೆಸರು ಬಂದಿರೋದು ರೂಮಿಗೆ ಬಾಡಿಗೆಯೇ ಕೇಳದ ಒಬ್ಬ ವ್ಯಾಪಾರಿಯಿಂದ. ನಮ್ಮ ಗುಬ್ಬಿಯವರು. ಸತ್ಯಮಂಗಲದಿಂದ ಹೊರಟರೆ ಗುಬ್ಬಿ ಎಷ್ಟು ದೂರ ಹೇಳಿ? ಆದರೂ ನಮ್ಮ ಕಡೆ ಗುಬ್ಬಿ ಅಂದ್ರೆ ವೀರಣ್ಣನವರ ನಾಟಕ ಕಂಪನಿ ಒಂದೇ ನೆನಪಾಗೋದು.

ಹೋಟೆಲ್ ಅನ್ನೋ ಮಾತು ಕೂಡ ನಮ್ಮಲ್ಲಿ ಬೇರೆ ಆಗ್ಬಿಟ್ಟಿದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿಗೋ ವೇಮತ್‌ಗೋ ಹೋದವರು ಹೋಟೆಲ್ ಹುಡುಕೋದು ಮಲಗೋದಕ್ಕೆ. ನಾವು ಹೋಟೆಲ್ಲಿಗೆ ಹೋಗೋದು ಇಡ್ಲಿ ತಿನ್ನೋಕೆ. ಮಲಗೋ ಜಾಗಕ್ಕೆ ಮೊದಲಿಂದ ಇದ್ದ ನಮ್ಮ ಮಾತು ಛತ್ರ. ಈಗ ಛತ್ರ ಅಂದ್ರೆ ಮದುವೆ ನೆನಪಾಗುತ್ತೆ.

2️⃣
ರೈಲು ಬರೋ ಮೊದಲು ಪ್ರಯಾಣಿಕರು ಎಲ್ಲಿ ಇಳ್ಕೊಳ್ತಿದ್ರು? ಎತ್ತಿನ ಗಾಡಿಯಲ್ಲಿ ಹೋದವನಿಗೆ ಅರ್ಧ ಮನೆ ಗಾಡಿಯಲ್ಲೇ ಇರ್ತಿತ್ತು. ಗುಬ್ಬಿ ಸಂತೆ ಹಳೇದು. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಗುಬ್ಬಿಯ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಸಂತೆಗೆ ಬಂದವರು ಗಾಡಿ ಬಿಚ್ಚಿ, ಮರದಡಿ ಮೂರು ಕಲ್ಲು ಹೂಡಿ ಬೇಯಿಸ್ಕೊಂಡು, ಗಾಡಿ ಕೆಳಗೇ ಮಲಗ್ತಿದ್ರು. ಇಲ್ಲವಾದ್ರೆ ದೇವಸ್ಥಾನದ ಮಂಟಪ, ಮಠದ ಜಗಲಿ, ನೆಂಟರ ಪಡಸಾಲೆ. ದೊಡ್ಡ ದಾರಿಗಳಲ್ಲಿ ಛತ್ರ. ಅಲ್ಲಿ ಸೂರು, ಬಾವಿ, ಒಲೆ ಸಿಗ್ತಿತ್ತು. ಹಾಸಿಗೆ ಸುತ್ತು, ಚೊಂಬು, ಅಕ್ಕಿ-ರಾಗಿ ನಿಮ್ಮದು.

ಸರ್ಕಾರದ ಕಡೆಯಿಂದ ಪ್ರಯಾಣಿಕರ ಬಂಗಲೆಗಳೂ ಇದ್ದವು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಅವನ್ನೆಲ್ಲ ದರ್ಜೆ ಹಾಕಿ ಪಟ್ಟಿ ಮಾಡಿದೆ. ಈಗಿನ ಸ್ಟಾರ್ ರೇಟಿಂಗಿಗೆ ಅಜ್ಜ ಅನ್ನಿ! ಆದರೆ ಅವು ಮುಖ್ಯವಾಗಿ ದೊರೆಗಳಿಗೆ, ಅಂದ್ರೆ ಬಿಳಿಯರಿಗೆ. ನಾವು ಟಿಬಿ, ಐಬಿ ಅಂತ ಕರೆಯೋ ಪ್ರವಾಸಿ ಮಂದಿರಗಳು ಆ ಸಂತತಿಯವು.

ಒಂದು ಮಾತು ಬಿಡದೆ ಹೇಳ್ಬೇಕು. ಆಗ ತಂಗೋ ಜಾಗ ಆರಿಸ್ಕೊಳ್ಳೋದು ಅಂದ್ರೆ ದುಡ್ಡಿನ ಪ್ರಶ್ನೆ ಆಮೇಲೆ, ಮೊದಲು ಜಾತಿ ಪ್ರಶ್ನೆ. ಎಷ್ಟೋ ಛತ್ರಗಳಲ್ಲಿ ಬ್ರಾಹ್ಮಣರಿಗೇ ಬೇರೆ ಅಂಕಣ, ಬೇರೆ ಪಂಕ್ತಿ. ದಲಿತರಿಗೆ ಬಾಗಿಲೇ ಇಲ್ಲ. ಛತ್ರದ ದಾನಶಾಸನ ನೋಡಿ ಕೈಮುಗಿಯೋ ನಾವು ಹೊರಗೆ ಮಳೆಯಲ್ಲಿ ನಿಂತವರು ಯಾರು ಅಂತ ಕೇಳೋದು ಕಡಿಮೆ.

3️⃣
ರೈಲು ಬಂತು, ಲೆಕ್ಕ ಬದಲಾಯ್ತು. 1884ರಲ್ಲಿ ಬೆಂಗಳೂರಿಂದ ತುಮಕೂರು ದಾಟಿ ಗುಬ್ಬಿವರೆಗೂ ಮೀಟರ್ ಗೇಜ್ ಹಳಿ ಬಿತ್ತು (ಗುಬ್ಬಿ ನಾಟಕ ಕಂಪನಿ ಶುರುವಾದದ್ದೂ ಅದೇ 1884ರಲ್ಲಿ!). 1889ಕ್ಕೆ ಅದು ಹರಿಹರ ಮುಟ್ಟಿತು. ಈಗ ನಿಪ್ಪಾಣಿ ಅಂಚಿಂದಲೋ ದಾವಣಗೆರೆಯಿಂದಲೋ ಹೊರಟವನು ಗಾಡಿ ಇಲ್ಲದೆ, ಗುರುತಿಲ್ಲದ ಊರಲ್ಲಿ, ಹೊತ್ತಲ್ಲದ ಹೊತ್ತಲ್ಲಿ ಇಳಿದುಬಿಡ್ತಾನೆ. ಕೈಯಲ್ಲಿ ಒಂದು ಟ್ರಂಕು. ಕೋರ್ಟ್ ಕೆಲಸಕ್ಕೋ, ಆಸ್ಪತ್ರೆಗೋ, ಕಾಲೇಜಿಗೋ ಬಂದವನು. ಎಲ್ಲಿಗೆ ಹೋಗ್ಬೇಕು?

ತೋಟದಪ್ಪನವರಿಗೆ ಇದು ಕಂಡಿತು. 1838ರಲ್ಲಿ ಗುಬ್ಬಿಯ ಲಿಂಗಾಯತ ಮನೆಯಲ್ಲಿ ಹುಟ್ಟಿದವರು. ಮನೆತನ ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ಅಂಗಡಿ ಇಟ್ಟಿತು. ವ್ಯಾಪಾರ ಕೈಹಿಡೀತು. ಮಕ್ಕಳಿರಲಿಲ್ಲ. 1897ರಲ್ಲಿ ಸ್ಟೇಷನ್ ಹತ್ತಿರವೇ ಜಾಗ ಕೊಂಡ್ರು. ಊರ ಹೊರಗಲ್ಲ, ಗುಡಿ ಪಕ್ಕದಲ್ಲೂ ಅಲ್ಲ. ನನಗೆ ಅವರ ದಾನಕ್ಕಿಂತ ಈ ಜಾಗದ ಆಯ್ಕೆಯೇ ದೊಡ್ಡದಾಗಿ ಕಾಣುತ್ತೆ. ದಾನ ಮಾಡೋರು ಬಹಳ ಜನ. ಪ್ರಯಾಣಿಕನ ಕಾಲು ಎಲ್ಲಿ ಸೋಲುತ್ತೆ ಅಂತ ಅಂಗಡಿಯವನ ಕಣ್ಣಲ್ಲಿ ಲೆಕ್ಕ ಹಾಕಿದವರು ಕಡಿಮೆ.

1903ರ ಫೆಬ್ರವರಿ 11ರಂದು ಧರ್ಮಛತ್ರ ತೆರೀತು. ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರಿಗಾಗ ಇನ್ನೂ 18 ವರ್ಷ. ಪ್ರಯಾಣಿಕರಿಗೆ ಉಚಿತ ತಂಗುದಾಣ, ಜೊತೆಗೆ ಓದೋಕೆ ಬರೋ ಹುಡುಗರಿಗೆ ಉಚಿತ ಹಾಸ್ಟೆಲ್. ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದುಕೊಟ್ರು. ಅದರ ಮುಂದಾಳತ್ವ ವಹಿಸಿದವರು ಕೆ.ಪಿ. ಪುಟ್ಟಣ್ಣ ಚೆಟ್ಟಿ. ಹೌದು, ಟೌನ್ ಹಾಲಿನ ಪುಟ್ಟಣ್ಣ ಚೆಟ್ಟಿಯವರೇ. ಮಹಾರಾಜರು ‘ಧರ್ಮಪ್ರವರ್ತ’ ಅಂದ್ರು, ಬ್ರಿಟಿಷರು ‘ರಾವ್ ಬಹದ್ದೂರ್’ ಅಂದ್ರು. 1910ರಲ್ಲಿ ತೋಟದಪ್ಪನವರು ತೀರ್ಕೊಂಡ್ರು.

4️⃣
ಹಾಸ್ಟೆಲ್ ಇದ್ದದ್ದು ವೀರಶೈವ-ಲಿಂಗಾಯತ ಹುಡುಗರಿಗೆ. ಇದನ್ನ ಮುಚ್ಚಿಡೋದು ಬೇಡ. ಆ ಕಾಲವೇ ಹಾಗೆ ನಡೀತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ತಾನೇ ಹಾಸ್ಟೆಲ್ ಕಟ್ಟಿಕೊಳ್ತಾ ಹೋಯ್ತು. ಕಟ್ಟಿಕೊಳ್ಳೋಕೆ ಶೆಟ್ಟರೂ ಸಾಹುಕಾರರೂ ಇಲ್ಲದ ದಲಿತ ಮಕ್ಕಳಿಗಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಹೆಸರು ಬೆಂಗಳೂರಿನ ಇನ್ನೊಂದು ಹಾಸ್ಟೆಲ್ಲಿಗಿದೆ. ಹಳ್ಳಿ ಹುಡುಗನಿಗೆ ಕಾಲೇಜು ಸೀಟಿಗಿಂತ ಕಷ್ಟ ಮಲಗೋ ಜಾಗ. ಯಾವ ಹಾಸ್ಟೆಲ್ಲಿನ ಬಾಗಿಲು ತನಗೆ ತೆರೆಯುತ್ತೆ ಅನ್ನೋದರ ಮೇಲೆ ಬಿಎ ನಿಂತಿರ್ತಿತ್ತು.

ತೋಟದಪ್ಪನವರ ಹಾಸ್ಟೆಲ್ಲಿನಲ್ಲಿದ್ದು ಓದಿದವರಲ್ಲಿ ಎಸ್. ನಿಜಲಿಂಗಪ್ಪ ಒಬ್ಬರು, ಮುಂದೆ ಮುಖ್ಯಮಂತ್ರಿ ಆದವರು. ಇನ್ನೊಬ್ಬರು ಮಾಗಡಿ ತಾಲ್ಲೂಕಿನ ವೀರಾಪುರದ ಹುಡುಗ. 1907ರಲ್ಲಿ ಹುಟ್ಟಿ, ತುಮಕೂರಲ್ಲಿ ಹೈಸ್ಕೂಲು ಓದಿ, 1920ರ ದಶಕದ ಕೊನೇಲಿ ಸೆಂಟ್ರಲ್ ಕಾಲೇಜಿಗೆ ಸೇರಿದವರು. ಓದು ಮುಗಿಯೋ ಹೊತ್ತಿಗೆ, 1930ರಲ್ಲಿ, ಅವರನ್ನ ಮಠದ ಉತ್ತರಾಧಿಕಾರಿಯಾಗಿ ಆರಿಸಿದ್ರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 2019ರಲ್ಲಿ ಲಿಂಗೈಕ್ಯರಾಗೋವರೆಗೂ ಅವರ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು, ಎಲ್ಲ ಜಾತಿ ಧರ್ಮದವರು, ಉಂಡು ಮಲಗಿ ಓದ್ತಿದ್ರು.

ಕೊನೇ ಫೋಟೋ ಅಲ್ಲಿನ ಸಾಲು. ಸಂಜೆ ಪ್ರಾರ್ಥನೆ ಹೊತ್ತು. ಮುಖ ಕಾಣದ ಹಾಗೆ ಹಿಂದಿನಿಂದ ತೆಗೆದಿದ್ದೀನಿ. ಗೋಡೆ ಪಕ್ಕ ಜೋಡಿಸಿಟ್ಟಿರೋ ಟ್ರಂಕುಗಳನ್ನ ಝೂಮ್ ಮಾಡಿ ನೋಡಿ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಹೆಸರು, ಊರು.

ಮುಂದಿನ ವಾರ ಕುಣಿಗಲ್ ಕಡೆ, ಎಡೆಯೂರಿಗೆ ಹೋಗೋಣ. ನಿಮ್ಮ ಅಪ್ಪನೋ ತಾತನೋ ತೋಟದಪ್ಪ ಛತ್ರದಲ್ಲಿ ಇಳ್ಕೊಂಡಿದ್ರಾ ಅಂತ ಇವತ್ತೇ ಮನೇಲಿ ಕೇಳಿ. ಹಳೇ ಫೋಟೋ ಇದ್ರೆ ಕಳಿಸಿ.

#ಗುಬ್ಬಿ #ತೋಟದಪ್ಪಛತ್ರ #ತುಮಕೂರು #ಮೆಜೆಸ್ಟಿಕ್