ಅಂಗೈಯಗಲದ ಗಣಿಯಂತ್ರದ ಕಥೆ

ಗಣಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೋಲಾರ. 1902ರ ಜೂನ್ ತಿಂಗಳಿನಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಸಾಗಿ ಮೊದಲು ತಲುಪಿದ್ದು ಅಲ್ಲಿಯ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಅನಂತರ, 1905ರ ಆಗಸ್ಟ್‌ನಲ್ಲಿ. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿದ ಕಾರಣ 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದವು. ಗಣಿಗಾರಿಕೆಯ ಮೂಲ ಲೆಕ್ಕ ಇಷ್ಟೇ: ವ್ಯಯಿಸಿದ ಶಕ್ತಿಯ ಬೆಲೆ ಎಷ್ಟು, ಕೈಗೆ ಬಂದದ್ದರ ಬೆಲೆ ಎಷ್ಟು?

'ಗಣಿಗಾರಿಕೆ' ಎಂಬ ಪದಕ್ಕೆ ಈಗ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಅಂಗೈಯಗಲದ ಒಂದು ವಿದ್ಯುನ್ಮಂಡಲ ಫಲಕ, ಅದರ ಮೇಲೊಂದು ಪುಟ್ಟ ಫ್ಯಾನು, ಅಂತರಜಾಲದ ಸಂಪರ್ಕ. ಇದು ಬಿಟ್‌ಕಾಯಿನ್ 'ಅಗೆಯುವ' ಯಂತ್ರ. ಇದರ ನಕ್ಷೆ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ. ಕೆಂಗೇರಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಇದನ್ನು ಜೋಡಿಸಲು ಹೊರಟರೆ ಆಶ್ಚರ್ಯವಿಲ್ಲ. ರಾಜಾಜಿನಗರ ಕೈಗಾರಿಕಾ ಪ್ರದೇಶ ಅಥವಾ ಪೀಣ್ಯದ ಸಣ್ಣ ಘಟಕಕ್ಕೂ ಇದನ್ನು ತಯಾರಿಸುವುದು ದೊಡ್ಡ ಮಾತಲ್ಲ. ಆದರೆ ಕೊಳ್ಳುವ ಮುನ್ನ, ಮಾರುವ ಮುನ್ನ ಇದರ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

ಅಗೆಯುವುದು ಎಂದರೇನು?

ಇದರ ಮೂಲ ವಿಚಾರ ಹುಟ್ಟಿದ್ದು ಹಣದ ವಿಷಯದಲ್ಲಿ ಅಲ್ಲ, ಬೇಡದ ಅಂಚೆಯ ವಿಷಯದಲ್ಲಿ. ಮಿಂಚಂಚೆ ಕಳುಹಿಸುವ ಪ್ರತಿಯೊಬ್ಬರ ಗಣಕವೂ ಒಂದು ಚಿಕ್ಕ ಲೆಕ್ಕ ಮಾಡಬೇಕೆಂದು ನಿಯಮವಿದ್ದರೆ, ಲಕ್ಷಗಟ್ಟಲೆ ಜಾಹೀರಾತು ಎಸೆಯುವವರಿಗೆ ಅದು ದುಬಾರಿಯಾಗುತ್ತದೆ. 1992ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಈ ಸಲಹೆಯನ್ನು ಮುಂದಿಟ್ಟರು. 1997ರಲ್ಲಿ ಆಡಂ ಬ್ಯಾಕ್ 'ಹ್ಯಾಷ್‌ಕ್ಯಾಷ್' ಎಂಬ ಹೆಸರಿನಲ್ಲಿ ಅಂಥದೇ ಒಂದು ವಿಧಾನವನ್ನು ರೂಪಿಸಿದರು. 2008ರ ಅಕ್ಟೋಬರ್ 31ರಂದು ಸತೋಷಿ ನಾಕಾಮೊಟೊ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಪ್ರಬಂಧ ಇದನ್ನೇ ಒಂದು ಲೆಕ್ಕದ ಪುಸ್ತಕವನ್ನು ಕಾಯುವ ಕೆಲಸಕ್ಕೆ ಹಚ್ಚಿತು.

ಲೆಕ್ಕ ಹೀಗಿದೆ. ಸುಮಾರು ಹತ್ತು ನಿಮಿಷಗಳ ವ್ಯವಹಾರಗಳನ್ನು ಒಂದು 'ಬ್ಲಾಕ್' ಆಗಿ ಕಟ್ಟಿ, ಅದಕ್ಕೆ 80 ಬೈಟ್‌ಗಳ ತಲೆಬರಹ ಕೊಡಲಾಗುತ್ತದೆ. ಅದನ್ನು ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಲ್ಲಿ ಎರಡು ಬಾರಿ ಅರೆದರೆ 256 ಬಿಟ್‌ಗಳ ಒಂದು ಸಂಖ್ಯೆ ಹೊರಬರುತ್ತದೆ. ಇದೇ 'ಹ್ಯಾಷ್'. ಈ ಸಂಖ್ಯೆ ನಿಗದಿತ ಮಿತಿಗಿಂತ ಚಿಕ್ಕದಾಗಿದ್ದರೆ ಗೆದ್ದಂತೆ. ಇಲ್ಲವಾದರೆ ತಲೆಬರಹದ ಒಂದು ಅಂಕಿಯನ್ನು ಬದಲಿಸಿ ಮತ್ತೆ ಅರೆಯಬೇಕು. ಯಾವ ಅಂಕಿ ಹಾಕಿದರೆ ಏನು ಬರುತ್ತದೆ ಎಂದು ಮೊದಲೇ ಊಹಿಸಲು ಬರುವುದಿಲ್ಲ. ಪಗಡೆಯ ದಾಳ ಉರುಳಿಸಿದಂತೆ ಉರುಳಿಸುತ್ತಲೇ ಇರಬೇಕು.

2014ರಲ್ಲಿ ಅಮೆರಿಕದ ಕೆನ್ ಶಿರಿಫ್ ಎಂಬ ಎಂಜಿನಿಯರು ಇದನ್ನು ಕಾಗದ, ಪೆನ್ಸಿಲ್ ಹಿಡಿದು ಮಾಡಿ ನೋಡಿದರು. ಒಂದು ಸುತ್ತಿನ ಲೆಕ್ಕಕ್ಕೆ 16 ನಿಮಿಷ 45 ಸೆಕೆಂಡು ಹಿಡಿಯಿತು. ಅಂಥ 128 ಸುತ್ತು ಸೇರಿದರೆ ಒಂದು ಪ್ರಯತ್ನ. ಎಂದರೆ ಬಿಡುವಿಲ್ಲದೆ ದುಡಿದರೆ ದಿನಕ್ಕೆ 0.67 ಹ್ಯಾಷ್!

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಿ. ಜಗತ್ತಿನಲ್ಲಿ ಎಷ್ಟೇ ಯಂತ್ರಗಳಿದ್ದರೂ ಬ್ಲಾಕ್ ಸಿಗುವುದು ಸರಾಸರಿ ಹತ್ತು ನಿಮಿಷಕ್ಕೆ ಒಂದೇ. ಪ್ರತಿ 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಷ್ಟವನ್ನು ಜಾಲವೇ ಸರಿಹೊಂದಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಯಂತ್ರದ ವೇಗಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ. ಒಟ್ಟು ವೇಗದಲ್ಲಿ ಅದರ ಪಾಲು ಎಷ್ಟು ಎಂಬುದೇ ಮುಖ್ಯ. ಈ ಯಂತ್ರಗಳ ಇತಿಹಾಸವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ.

ನಾಲ್ಕು ತಲೆಮಾರುಗಳು

ಮೊದಲ ಬ್ಲಾಕ್‌ನ ದಿನಾಂಕ 2009ರ ಜನವರಿ 3. ಆ ವರ್ಷ ಜಾಲ ನಡೆಯಲು ಬೇಕಿದ್ದ ಒಟ್ಟು ವೇಗ ಸೆಕೆಂಡಿಗೆ ಸುಮಾರು 70 ಲಕ್ಷ ಹ್ಯಾಷ್. ಕೆಲವೇ ಮನೆಗಣಕಗಳ ಸಾಮಾನ್ಯ ಪ್ರೊಸೆಸರ್‌ಗಳು ಇದಕ್ಕೆ ಸಾಕಿದ್ದವು. ಪ್ರತಿ ಬ್ಲಾಕ್‌ಗೆ 50 ಬಿಟ್‌ಕಾಯಿನ್ ಬಹುಮಾನ.

2010ರಲ್ಲಿ ಎರಡನೆಯ ತಲೆಮಾರು ಬಂತು. ವಿಡಿಯೋ ಆಟಗಳಿಗೆಂದು ತಯಾರಾದ ಗ್ರಾಫಿಕ್ಸ್ ಕಾರ್ಡುಗಳಲ್ಲಿ ನೂರಾರು ಚಿಕ್ಕ ಗಣನ ಘಟಕಗಳು ಒಟ್ಟಿಗೆ ದುಡಿಯುತ್ತವೆ. ಒಂದೇ ಬಗೆಯ ಲೆಕ್ಕವನ್ನು ಕೋಟ್ಯಂತರ ಸಲ ಮಾಡಲು ಇದು ಹೇಳಿಮಾಡಿಸಿದ ಸಾಧನ. ಒಳ್ಳೆಯ ಕಾರ್ಡೊಂದು ಸೆಕೆಂಡಿಗೆ ಸುಮಾರು 40 ಕೋಟಿ ಹ್ಯಾಷ್ ಕೊಡುತ್ತಿತ್ತು. ಆದರೆ 200 ವಾಟ್‌ನಷ್ಟು ವಿದ್ಯುತ್ತನ್ನೂ ನುಂಗುತ್ತಿತ್ತು.

ಮೂರನೆಯದು 2011ರ ಎಫ್‌ಪಿಜಿಎ. ಇದು ಬಳಕೆದಾರನೇ ತನಗೆ ಬೇಕಾದಂತೆ ಒಳಗಿನ ಮಂಡಲವನ್ನು ಹೊಂದಿಸಿಕೊಳ್ಳಬಹುದಾದ ಚಿಪ್. ಒಂದು ಚಿಪ್ ಸುಮಾರು 10 ವಾಟ್‌ನಲ್ಲಿ 20 ಕೋಟಿ ಹ್ಯಾಷ್ ಮಾಡುತ್ತಿತ್ತು. ಹವ್ಯಾಸಿಗಳು ಫಲಕ ತಯಾರಿಸಿ ಹವ್ಯಾಸಿಗಳಿಗೇ ಮಾರಿದ ಕಾಲ ಇದು. ಬೀಜಿಂಗ್‌ನ ವಿದ್ಯಾರ್ಥಿ ಝಾಂಗ್ ನಾನ್‌ಗೆಂಗ್ ಎರಡು ಚಿಪ್‌ಗಳ 'ಇಕಾರಸ್' ಫಲಕವನ್ನು ಮಾರಿದ್ದು ಆಗಲೇ.

ಅದೇ ಝಾಂಗ್ ಮುಂದಿನ ಹೆಜ್ಜೆಯನ್ನೂ ಇಟ್ಟರು. ಈ ಒಂದೇ ಲೆಕ್ಕಕ್ಕೆಂದು ರೂಪಿಸಿದ, ಬೇರೆ ಯಾವ ಕೆಲಸಕ್ಕೂ ಬಾರದ 'ಏಸಿಕ್' ಚಿಪ್‌ನ ಮೊದಲ 'ಅವಲಾನ್' ಯಂತ್ರ 2013ರ ಜನವರಿಯ ಕೊನೆಯಲ್ಲಿ ಗ್ರಾಹಕರ ಕೈ ಸೇರಿತು. ಅವರ ಸಂಸ್ಥೆ ಕೆನಾನ್ 2019ರಲ್ಲಿ ಅಮೆರಿಕದ ಷೇರುಪೇಟೆಯನ್ನು ತಲುಪಿತು. ಯಂತ್ರ ಮಾಡಿ ಮಾರಿದವರು ಬೆಳೆದರು. ಕೊಂಡವರ ಗತಿ ಏನಾಯಿತು?

ಒಂದು ಯುಎಸ್‌ಬಿ ಕಡ್ಡಿಯ ಪಾಠ

2013ರ ಮಧ್ಯಭಾಗದಲ್ಲಿ 'ಬ್ಲಾಕ್ ಇರಪ್ಟರ್' ಎಂಬ ಬೆರಳುದ್ದದ ಸಾಧನ ಮಾರುಕಟ್ಟೆಗೆ ಬಂತು. ಗಣಕದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಸಾಕು, 2.5 ವಾಟ್‌ನಲ್ಲಿ ಸೆಕೆಂಡಿಗೆ ಸುಮಾರು 33 ಕೋಟಿ ಹ್ಯಾಷ್. ಆರಂಭದಲ್ಲಿ ಬೆಲೆ ಸುಮಾರು 2 ಬಿಟ್‌ಕಾಯಿನ್. ಬಹುಮಾನ ಆಗ ಬ್ಲಾಕ್‌ಗೆ 25; ದಿನಕ್ಕೆ ಸರಾಸರಿ 144 ಬ್ಲಾಕ್.

ಲೆಕ್ಕ ಹಾಕೋಣ. ಜೂನ್‌ನಲ್ಲಿ ಜಾಲದ ಒಟ್ಟು ವೇಗ ಸೆಕೆಂಡಿಗೆ ಸುಮಾರು 140 ಲಕ್ಷ ಕೋಟಿ ಹ್ಯಾಷ್. ಇದರಲ್ಲಿ ಕಡ್ಡಿಯ ಪಾಲು ದಿನಕ್ಕೆ 0.0086 ಬಿಟ್‌ಕಾಯಿನ್. 233 ದಿನಗಳಲ್ಲಿ ಅಸಲು ಕೈಸೇರಬೇಕು. ಕೊಂಡವರು ಮಾಡಿದ ಲೆಕ್ಕವೂ ಇದೇ. ಆದರೆ ಅದೇ ವರ್ಷದ ಕೊನೆಗೆ ಒಟ್ಟು ವೇಗ 60 ಪಟ್ಟಾಗಿತ್ತು. ದಿನದ ಪಾಲು 0.00014ಕ್ಕೆ ಇಳಿಯಿತು. ಆ ದರದಲ್ಲಿ ಅಸಲು ಬರಲು 38 ವರ್ಷ ಬೇಕು! ಕಡ್ಡಿ ಕೆಟ್ಟಿರಲಿಲ್ಲ. ಹೇಳಿದಷ್ಟೇ ವೇಗದಲ್ಲಿ, ಹೇಳಿದಷ್ಟೇ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತಿತ್ತು. ಕರಗಿದ್ದು ಅದರ ಪಾಲು. 2 ಬಿಟ್‌ಕಾಯಿನ್ ಖಚಿತವಾಗಿ ಸಿಕ್ಕಿದ್ದು ಮಾರಿದವನಿಗೆ.

ಯಂತ್ರ ಕೈಸೇರುವುದೇ ತಡವಾದರೆ? ಅಮೆರಿಕದ ಬಟರ್‌ಫ್ಲೈ ಲ್ಯಾಬ್ಸ್ ಸಂಸ್ಥೆ 2012ರಿಂದ ಮುಂಗಡ ಹಣ ಪಡೆದು ಯಂತ್ರಗಳಿಗೆ ಆದೇಶ ಸ್ವೀಕರಿಸಿತು. 2013ರ ಸೆಪ್ಟೆಂಬರ್ ಹೊತ್ತಿಗೆ 20,000ಕ್ಕೂ ಹೆಚ್ಚು ಗ್ರಾಹಕರಿಗೆ ಯಂತ್ರ ತಲುಪಿರಲಿಲ್ಲ ಎಂದು ಅಲ್ಲಿಯ ಸರ್ಕಾರದ ವ್ಯಾಪಾರ ಆಯೋಗ 2014ರಲ್ಲಿ ಮೊಕದ್ದಮೆ ಹೂಡಿತು. 2016ರಲ್ಲಿ ಪ್ರಕರಣ ಒಪ್ಪಂದದಲ್ಲಿ ಮುಗಿಯಿತು. ಗ್ರಾಹಕರ ಯಂತ್ರಗಳನ್ನು 'ಪರೀಕ್ಷೆ'ಯ ನೆಪದಲ್ಲಿ ತನಗಾಗಿಯೇ ದುಡಿಸಿಕೊಂಡಿತು ಎಂಬ ಆರೋಪವೂ ಆ ಸಂಸ್ಥೆಯ ಮೇಲೆ ಬಂದಿತ್ತು. ಸಾಮಾನ್ಯ ಸರಕು ತಡವಾದರೆ ಬೇಸರ ಮಾತ್ರ. ಇಲ್ಲಿ ಆರು ತಿಂಗಳ ತಡವೆಂದರೆ ಸರಕೇ ಇಲ್ಲದಂತೆ.

ದಕ್ಷತೆ ಏರಿತು, ವ್ಯಯ ಇಳಿಯಲಿಲ್ಲ

ಭೌತವಿಜ್ಞಾನದ ದೃಷ್ಟಿಯಿಂದ ಈ ಯಂತ್ರಗಳ ಪ್ರಗತಿ ಬೆರಗು ಹುಟ್ಟಿಸುತ್ತದೆ. ನೂರು ಕೋಟಿ ಹ್ಯಾಷ್‌ಗೆ ತಗಲುವ ಶಕ್ತಿಯನ್ನು ಹೋಲಿಸಿ. ಸಾಮಾನ್ಯ ಪ್ರೊಸೆಸರಿಗೆ ಸುಮಾರು 10,000 ಜೂಲ್, ಗ್ರಾಫಿಕ್ಸ್ ಕಾರ್ಡಿಗೆ 500, ಎಫ್‌ಪಿಜಿಎಗೆ 50, ಯುಎಸ್‌ಬಿ ಕಡ್ಡಿಗೆ ಏಳೂವರೆ, 2016ರಲ್ಲಿ ಬಂದ ಬಿಟ್‌ಮೈನ್ ಸಂಸ್ಥೆಯ 'ಆಂಟ್‌ಮೈನರ್ ಎಸ್9'ಗೆ 0.1; ಇತ್ತೀಚಿನ ಚಿಪ್‌ಗಳಿಗೆ 0.015 ಜೂಲ್. ಹದಿನಾರು ವರ್ಷಗಳಲ್ಲಿ ದಕ್ಷತೆ 6 ಲಕ್ಷ ಪಟ್ಟು ಹೆಚ್ಚಿದೆ.

ಹಾಗಾದರೆ ವಿದ್ಯುತ್ತಿನ ಬಳಕೆ ತಗ್ಗಬೇಕಿತ್ತಲ್ಲವೇ? ತಗ್ಗಲಿಲ್ಲ. 2025ರಲ್ಲಿ ಜಾಲದ ಒಟ್ಟು ವೇಗ ಸೆಕೆಂಡಿಗೆ 10ರ 21ನೆಯ ಘಾತದ ಆಸುಪಾಸಿಗೆ ಏರಿತು. ಹಳೆಯ, ಹೊಸ ಯಂತ್ರಗಳೆಲ್ಲ ಸೇರಿ ಸರಾಸರಿ 0.02 ಜೂಲ್ ಎಂದು ಹಿಡಿದರೂ ಸುಮಾರು 20,000 ಮೆಗಾವಾಟ್ ಆಗುತ್ತದೆ. ಇಡೀ ಕರ್ನಾಟಕದ ಬೇಸಗೆಯ ಗರಿಷ್ಠ ಬೇಡಿಕೆ ಸುಮಾರು 18,000 ಮೆಗಾವಾಟ್ ಎಂಬುದನ್ನು ನೆನೆದರೆ ಇದರ ಗಾತ್ರ ಅರಿವಾಗುತ್ತದೆ. ಉಗಿಯಂತ್ರಗಳ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಒಟ್ಟು ಬಳಕೆಯೂ ಹೆಚ್ಚುತ್ತದೆ ಎಂದು 1865ರಲ್ಲೇ ಇಂಗ್ಲೆಂಡಿನ ಜೆವೊನ್ಸ್ ವಾದಿಸಿದ್ದರು.

ವಿಜಯನಗರದ ಮನೆಯ ಲೆಕ್ಕ

ಇನ್ನು ಆರಂಭದಲ್ಲಿ ಹೇಳಿದ ಅಂಗೈಯಗಲದ ಯಂತ್ರಕ್ಕೆ ಬರೋಣ. ಈ ಬಗೆಯ ಪ್ರಸಿದ್ಧ ಮುಕ್ತ ವಿನ್ಯಾಸದ ಹೆಸರು 'ಬಿಟ್‌ಆಕ್ಸ್'. ದೊಡ್ಡ ಯಂತ್ರಗಳಲ್ಲಿ ನೂರಾರು ಸಂಖ್ಯೆಯಲ್ಲಿರುವ ಬಿಟ್‌ಮೈನ್ ಚಿಪ್‌ಗಳಲ್ಲಿ ಒಂದನ್ನು ಮಾತ್ರ ತೆಗೆದು, ಅಗ್ಗದ ಇಎಸ್‌ಪಿ32 ನಿಯಂತ್ರಕದ ಜೊತೆ ಕೂಡಿಸಿದ ಫಲಕ ಅದು. 'ಗಾಮಾ' ಮಾದರಿ ಸುಮಾರು 17 ವಾಟ್‌ನಲ್ಲಿ ಸೆಕೆಂಡಿಗೆ 1.2 ಲಕ್ಷ ಕೋಟಿ ಹ್ಯಾಷ್ ಕೊಡುತ್ತದೆ.

ವಿಜಯನಗರದ ಮನೆಯೊಂದರಲ್ಲಿ ಇದನ್ನು ಹಗಲಿರುಳು ಓಡಿಸಿದರೆ? ಅಡಾಪ್ಟರಿನ ನಷ್ಟ ಸೇರಿ 20 ವಾಟ್; ತಿಂಗಳಿಗೆ 14.4 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 86 ರೂಪಾಯಿ. 2024ರ ಏಪ್ರಿಲ್‌ನಿಂದ ಬಹುಮಾನ ಬ್ಲಾಕ್‌ಗೆ 3.125. ಇತರ ಗಣಿಗಾರರೊಡನೆ ಕೂಟ ಸೇರಿ ಹಂಚಿಕೊಂಡರೆ ಬರುವ ಸರಾಸರಿ ಪಾಲು ತಿಂಗಳಿಗೆ 0.000016 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್‌ಗೆ 1 ಕೋಟಿ ರೂಪಾಯಿ ಎಂದು ಉದಾರವಾಗಿ ಹಿಡಿದರೂ ಸುಮಾರು 160 ರೂಪಾಯಿ. 2022ರಿಂದ ಇಂಥ ಗಳಿಕೆಗೆ 30 ಶೇಕಡಾ ತೆರಿಗೆ ಇದೆ. ಗಣಿಗಾರಿಕೆಯ ಸಲಕರಣೆಗಳ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ ಎಂದು ಸರ್ಕಾರ ಆ ವರ್ಷವೇ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. ಉಳಿಯುವುದು ತಿಂಗಳಿಗೆ 26 ರೂಪಾಯಿ. ಯಂತ್ರಕ್ಕೆ 15,000 ರೂಪಾಯಿ ಕೊಟ್ಟಿದ್ದರೆ ಅಸಲು ಬರಲು 48 ವರ್ಷ, ಅದೂ ಜಾಲದ ವೇಗ ಒಂದಿಷ್ಟೂ ಏರದಿದ್ದರೆ.

'ನಮ್ಮ ಮನೆಗೆ ಗೃಹಜ್ಯೋತಿ ಇದೆ, ವಿದ್ಯುತ್ತು ಉಚಿತ' ಎನ್ನುವವರು ಇರಬಹುದು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಬರುತ್ತದೆ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ಬೆಸ್ಕಾಂಗೆ ಆ ಹಣ ನಮ್ಮೆಲ್ಲರ ತೆರಿಗೆಯಿಂದ ಹೋಗುತ್ತದೆ ಎಂಬುದು.

ಕೂಟ ಸೇರದೆ ಒಂಟಿಯಾಗಿ ಅಗೆದರೆ ಒಂದು ಬ್ಲಾಕ್ ಸಿಗಲು ಸರಾಸರಿ 16,000 ವರ್ಷ ಬೇಕು. 'ಆದರೆ ಯಾರಿಗೋ ಸಿಕ್ಕಿತಂತೆ' ಎಂಬ ಸುದ್ದಿ ಸುಳ್ಳಲ್ಲ. 32,000 ಮನೆಗಳಲ್ಲಿ ಇಂಥ ಯಂತ್ರ ಓಡುತ್ತಿದ್ದರೆ ವರ್ಷಕ್ಕೆ ಇಬ್ಬರಿಗೆ ಸಿಗಲೇಬೇಕು. ಅದು ಲಾಟರಿಯ ನಿಯಮ. ಉಳಿದವರ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ.

ಪರೀಕ್ಷಿಸುವುದು ಹೇಗೆ?

ಇಷ್ಟಾದ ಮೇಲೂ ಕಲಿಕೆಗಾಗಿ ಕೊಳ್ಳುವುದಾದರೆ, ಅಥವಾ ತಯಾರಿಸಿ ಮಾರುವುದಾದರೆ, ಪರೀಕ್ಷೆ ಸರಿಯಾಗಿರಲಿ.

ಮೊದಲನೆಯದು ವೇಗ. ಯಂತ್ರದ ಪರದೆ ತೋರಿಸುವ ಅಂಕಿಯನ್ನು ನಂಬಬೇಡಿ. ಕೂಟದ ಗಣಕಕ್ಕೆ ತಲುಪಿ ಸ್ವೀಕೃತವಾದ 'ಷೇರು'ಗಳನ್ನು ಎಣಿಸಿ. ಗೆಲುವಿನ ಮಿತಿಗಿಂತ ಸಡಿಲವಾದ ಮಿತಿಯೊಂದನ್ನು ದಾಟಿದ ಹ್ಯಾಷ್‌ಗಳೇ ಷೇರುಗಳು. ಕಾಠಿಣ್ಯ 1000 ಇರುವಾಗ ಒಂದು ಷೇರಿಗೆ ಸರಾಸರಿ 4.3 ಲಕ್ಷ ಕೋಟಿ ಹ್ಯಾಷ್ ಬೇಕು. ನಮ್ಮ ಯಂತ್ರಕ್ಕೆ 3.6 ಸೆಕೆಂಡು. ಇದು ಗೈಗರ್ ಎಣಿಕೆಯಂತೆಯೇ ಯಾದೃಚ್ಛಿಕ ಘಟನೆ. ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜ. ಐದು ನಿಮಿಷಕ್ಕೆ ಸುಮಾರು 83 ಷೇರು; ದೋಷ 11 ಶೇಕಡಾ. ಒಂದು ಗಂಟೆಗೆ 1000. ದೋಷ 3 ಶೇಕಡಾ. ಒಂದು ದಿನಕ್ಕೆ 24,000. ದೋಷ 1 ಶೇಕಡಾಕ್ಕೂ ಕಡಿಮೆ. ಅಂಗಡಿಯಲ್ಲಿ ಐದು ನಿಮಿಷ ಓಡಿಸಿ ತೋರಿಸಿದರೆ ಅದು ಪರೀಕ್ಷೆಯಲ್ಲ.

ಎರಡನೆಯದು ಶಕ್ತಿ. ಗೋಡೆಯ ಸಾಕೆಟ್ಟಿನಲ್ಲಿ ಮಾಪಕವಿಟ್ಟು ಅಳೆಯಿರಿ. 5 ವೋಲ್ಟ್‌ನಲ್ಲಿ 17 ವಾಟ್ ಎಂದರೆ 3.4 ಆಂಪಿಯರ್. ಮೊಬೈಲಿನ ಹಳೆಯ ಚಾರ್ಜರ್ ಇದನ್ನು ತಾಳದು. ಬಿಐಎಸ್ ನೋಂದಣಿ ಇರುವ, ಸಾಕಷ್ಟು ಸಾಮರ್ಥ್ಯದ ಅಡಾಪ್ಟರನ್ನೇ ಬಳಸಿ.

ಮೂರನೆಯದು ಉಷ್ಣತೆ. ಒಳಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಡಿಸೆಂಬರಿನ ಬೆಳಗ್ಗೆ ಪಾಸಾದ ಯಂತ್ರ ಏಪ್ರಿಲಿನ ಮಧ್ಯಾಹ್ನ, ಬಸವೇಶ್ವರನಗರದ ಮೇಲ್ಮಹಡಿಯ ಕೋಣೆಯಲ್ಲಿ ಸೋಲಬಹುದು. ಫ್ಯಾನು ನಿಂತಾಗ ಯಂತ್ರ ತಾನಾಗಿಯೇ ಆರುತ್ತದೆಯೇ ಎಂಬುದನ್ನೂ ನೋಡಿ.

ನಾಲ್ಕನೆಯದು ಪ್ರಾಮಾಣಿಕತೆ. ಮಾರುವವರು ಯಂತ್ರವನ್ನು ಪರೀಕ್ಷೆಗಾಗಿ ಓಡಿಸುವಾಗ ಗಳಿಕೆ ಯಾರ ಖಾತೆಗೆ ಹೋಗುತ್ತದೆ, ಎಷ್ಟು ಗಂಟೆ ಓಡಿತು ಎಂಬುದನ್ನು ಬರೆದುಕೊಡಲಿ. ಬೆಲೆಯಿಲ್ಲದ ನಾಣ್ಯಗಳ ಪರೀಕ್ಷಾ ಜಾಲವೂ ಇದೆ, ಅದನ್ನು ಬಳಸಬಹುದು.

ಈ ಫಲಕವನ್ನು ಜೋಡಿಸುವವರು ಸೂಕ್ಷ್ಮ ಬೆಸುಗೆ, ಶಾಖದ ನಿರ್ವಹಣೆ, ಸಂಭವನೀಯತೆ, ಗೂಢಲಿಪಿ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಕಲಿಯುತ್ತಾರೆ. ಪ್ರಯೋಗಶಾಲೆಯ ಉಪಕರಣವೆಂದು ಮಾರಿದರೆ ಇದು ಬೆಲೆಗೆ ತಕ್ಕ ವಸ್ತು. ಆದಾಯದ ಮೂಲವೆಂದು ಯಾರಾದರೂ ಮಾರಲು ಬಂದರೆ, ನಿಮ್ಮ ಯಂತ್ರದ ವೇಗವನ್ನು ಜಾಲದ ಅಂದಿನ ಒಟ್ಟು ವೇಗದಿಂದ ಭಾಗಿಸಿ ನೋಡಿ. ಕಾಗದ, ಪೆನ್ಸಿಲ್ ಸಾಕು. ಹ್ಯಾಷ್ ಲೆಕ್ಕದಂತೆ ಇದಕ್ಕೆ ಒಂದೂವರೆ ದಿನ ಬೇಕಾಗುವುದಿಲ್ಲ. ಒಂದು ನಿಮಿಷ ಸಾಕು.