ವೆಬ್ ಪ್ರೋಗ್ರಾಮಿಂಗ್‌ನಲ್ಲಿ ಸಿಂಧುತ್ವ ದೋಷಗಳ ನಿರೂಪಣೆ

ಸಿಂಧುತ್ವ ದೋಷಗಳ ನಿರೂಪಣೆ ಎಂಬುದು ವೆಬ್ ತಂತ್ರಾಂಶ ವಿನ್ಯಾಸದ ಒಂದು ವಿಷಯ. ಬಳಕೆದಾರರು ಫಾರ್ಮಿನಲ್ಲಿ ತುಂಬಿದ ಅಥವಾ ಬೇರೊಂದು ತಂತ್ರಾಂಶ ಕಳುಹಿಸಿದ ದತ್ತಾಂಶವು ನಿಗದಿತ ನಿಯಮಗಳಿಗೆ ಹೊಂದದಿದ್ದಾಗ, ಆ ತಪ್ಪುಗಳನ್ನು ಪ್ರೋಗ್ರಾಮಿನೊಳಗೆ ಯಾವ ರೂಪದಲ್ಲಿ ಹಿಡಿದಿಡಬೇಕು ಎಂಬುದನ್ನು ಇದು ಕುರಿತಿದೆ. ದತ್ತಾಂಶವನ್ನು ನಿಯಮಗಳೊಡನೆ ಹೋಲಿಸಿ ನೋಡುವ ಕ್ರಿಯೆಗೆ ವ್ಯಾಲಿಡೇಶನ್ ಅಥವಾ ಸಿಂಧುತ್ವ ಪರಿಶೀಲನೆ ಎಂದು ಹೆಸರು. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಈ ಪರಿಶೀಲನೆಯ ಫಲಿತಾಂಶವು ಬರಿಯ ಪಠ್ಯವಾಗಿರಬಹುದು, ಎಕ್ಸೆಪ್ಶನ್ ಆಗಿರಬಹುದು ಅಥವಾ ತನ್ನದೇ ಗುಣಲಕ್ಷಣಗಳುಳ್ಳ ಆಬ್ಜೆಕ್ಟ್ ಆಗಿರಬಹುದು. ರೂಬಿ ಆನ್ ರೈಲ್ಸ್, ಜಾಂಗೊ, ಸ್ಪ್ರಿಂಗ್ ಮೊದಲಾದ ಪ್ರಚಲಿತ ಫ್ರೇಮ್‌ವರ್ಕ್‌ಗಳು ಬೇರೆ ಬೇರೆ ದಾರಿಗಳಿಂದ ಬಂದು ಮೂರನೆಯ ರೂಪವನ್ನೇ ತಲುಪಿವೆ.

ಎಕ್ಸೆಪ್ಶನ್ ಮತ್ತು ಅದರ ಮಿತಿ

ತಪ್ಪು ಕಂಡ ಕೂಡಲೇ ಎಕ್ಸೆಪ್ಶನ್ ಎಸೆಯುವುದು ಅತ್ಯಂತ ಸರಳವಾದ ಕ್ರಮ. ಆದರೆ ಎಕ್ಸೆಪ್ಶನ್ ಎಸೆದ ಕ್ಷಣದಲ್ಲಿ ಪ್ರೋಗ್ರಾಮಿನ ನಿಯಂತ್ರಣ ಅಲ್ಲಿಂದ ಹೊರಗೆ ಜಿಗಿಯುತ್ತದೆ. ಉಳಿದ ಫೀಲ್ಡ್‌ಗಳ ಪರಿಶೀಲನೆ ನಡೆಯುವುದೇ ಇಲ್ಲ. ಅರ್ಜಿಯಲ್ಲಿ ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಮತ್ತು ಪಿನ್ ಕೋಡ್ ಮೂರನ್ನೂ ತಪ್ಪಾಗಿ ಬರೆದವರು ಅರ್ಜಿಯನ್ನು ಮೂರು ಸಲ ಮರಳಿ ಪಡೆಯಬೇಕಾಗುತ್ತದೆ. ಅರ್ಜಿಯೊಡನೆ ಭಾವಚಿತ್ರವನ್ನೋ ಅಂಕಪಟ್ಟಿಯನ್ನೋ ಲಗತ್ತಿಸಿದ್ದರೆ ತೊಂದರೆ ಇನ್ನೂ ಹೆಚ್ಚು. ಸುರಕ್ಷತೆಯ ಕಾರಣದಿಂದ ಕಡತ ಆಯ್ಕೆಯ ಫೀಲ್ಡನ್ನು ಸರ್ವರ್ ಮತ್ತೆ ತುಂಬಿ ಕಳುಹಿಸಲು ಬ್ರೌಸರ್‌ಗಳು ಬಿಡುವುದಿಲ್ಲವಾದ್ದರಿಂದ, ಪುಟ ಮರಳಿದಾಗಲೆಲ್ಲ ಕಡತವನ್ನು ಹೊಸದಾಗಿ ಆರಿಸಬೇಕಾಗುತ್ತದೆ.

ಮಾರ್ಟಿನ್ ಫೌಲರ್ 2014ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಕ್ರಮಕ್ಕೆ ಬದಲಾಗಿ ನೋಟಿಫಿಕೇಶನ್ ವಿನ್ಯಾಸವನ್ನು ಸೂಚಿಸಿದರು. ಬಳಕೆದಾರರು ತಪ್ಪು ತುಂಬುವುದು ನಿರೀಕ್ಷಿತ ಸಂಗತಿ, ಅನಿರೀಕ್ಷಿತ ಅವಘಡವಲ್ಲ. ಆದ್ದರಿಂದ ಅದಕ್ಕೆ ಎಕ್ಸೆಪ್ಶನ್ ತಕ್ಕ ಸಾಧನವಲ್ಲ ಎಂಬುದು ಅವರ ವಾದದ ತಿರುಳು. ನೋಟಿಫಿಕೇಶನ್ ಎಂಬುದು ದೋಷಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತ ಹೋಗುವ ಆಬ್ಜೆಕ್ಟ್. ಇದಕ್ಕೂ ಮೊದಲು, 1994ರಲ್ಲಿ, ವಾರ್ಡ್ ಕನಿಂಗ್‌ಹ್ಯಾಮ್ ತಮ್ಮ ಚೆಕ್ಸ್ ವಿನ್ಯಾಸ ಮಾಲಿಕೆಯಲ್ಲಿ ವಿವರವಾದ ಪರಿಶೀಲನೆಯನ್ನು ಬಳಕೆದಾರರು ನಿರ್ದಿಷ್ಟ ಕ್ರಿಯೆಯೊಂದನ್ನು ಕೋರುವವರೆಗೆ ಮುಂದೂಡುವ ಸಲಹೆ ನೀಡಿದ್ದರು.

ಎಕ್ಸೆಪ್ಶನ್ ಸಂಪೂರ್ಣ ವರ್ಜ್ಯವೇನೂ ಅಲ್ಲ. ಜಾಂಗೊದಲ್ಲಿ ಪ್ರತಿ ಫೀಲ್ಡಿನ ಪರಿಶೀಲಕವು ವ್ಯಾಲಿಡೇಶನ್‌ಎರರ್ ಎಂಬ ಎಕ್ಸೆಪ್ಶನ್ ಎಸೆಯುತ್ತದೆ. ಫಾರ್ಮ್ ಅದನ್ನು ಅಲ್ಲೇ ಹಿಡಿದು ತನ್ನ ದೋಷಪಟ್ಟಿಗೆ ಸೇರಿಸಿ ಮುಂದಿನ ಫೀಲ್ಡಿಗೆ ಹೋಗುತ್ತದೆ. ರೈಲ್ಸ್‌ನಲ್ಲಿ ಸೇವ್ ವಿಧಾನವು ದೋಷವಿದ್ದಾಗ ಸುಳ್ಳು ಎಂಬ ಮೌಲ್ಯವನ್ನಷ್ಟೇ ಹಿಂದಿರುಗಿಸಿದರೆ, ಆಶ್ಚರ್ಯಚಿಹ್ನೆಯಿಂದ ಕೊನೆಗೊಳ್ಳುವ ಅದರ ಜೋಡಿ ವಿಧಾನವು ಎಕ್ಸೆಪ್ಶನ್ ಎಸೆಯುತ್ತದೆ. ಮೊದಲನೆಯದು ಫಾರ್ಮ್‌ಗಳಿಗೆ ಸೂಕ್ತ; ಎರಡನೆಯದು ದತ್ತಾಂಶ ಸರಿಯಿರಲೇಬೇಕಾದ ಹಿನ್ನೆಲೆ ಕೆಲಸಗಳಿಗೆ.

ದೋಷ ಆಬ್ಜೆಕ್ಟಿನ ಅಂಗಗಳು

ಜಾವಾದ ಬೀನ್ ವ್ಯಾಲಿಡೇಶನ್ ನಿರ್ದಿಷ್ಟತೆ 2009ರಲ್ಲಿ ಅಂತಿಮಗೊಂಡಿತು. ಅದರಲ್ಲಿ ಪರಿಶೀಲನೆಯ ಫಲಿತಾಂಶವು ಕನ್‌ಸ್ಟ್ರೇಂಟ್‌ವಯೊಲೇಶನ್ ಆಬ್ಜೆಕ್ಟ್‌ಗಳ ಒಂದು ಗಣ. ಗಣ ಖಾಲಿಯಿದ್ದರೆ ದತ್ತಾಂಶ ಸರಿಯಿದೆ ಎಂದರ್ಥ. ಯಾವ ಗುಣಲಕ್ಷಣದಲ್ಲಿ ತಪ್ಪಾಗಿದೆ ಎಂಬುದರ ಪಥ, ತಪ್ಪಾದ ಮೌಲ್ಯ, ಮುರಿದ ನಿಯಮದ ವಿವರ, ಸಂದೇಶದ ಅಚ್ಚು ಮತ್ತು ಅದರಿಂದ ಸಿದ್ಧವಾದ ಸಂದೇಶ, ಇವೆಲ್ಲವೂ ಪ್ರತಿಯೊಂದು ಆಬ್ಜೆಕ್ಟಿನಲ್ಲಿರುತ್ತವೆ. ಒಂದು ಅರ್ಜಿಯಲ್ಲಿ ಹಲವು ವಿಳಾಸಗಳಿದ್ದಾಗ ಫೀಲ್ಡಿನ ಹೆಸರೊಂದೇ ಸಾಲದು, ಎರಡನೆಯ ವಿಳಾಸದ ಪಿನ್ ಕೋಡ್ ಎಂದು ಗುರುತಿಸಬಲ್ಲ ಪಥವೇ ಬೇಕಾಗುತ್ತದೆ.

ತಪ್ಪಾದ ಮೌಲ್ಯವನ್ನು ಇಟ್ಟುಕೊಳ್ಳುವ ಅಗತ್ಯ ಮೇಲ್ನೋಟಕ್ಕೆ ತೋರುವುದಿಲ್ಲ. ವಯಸ್ಸು ಎಂಬ ಗುಣಲಕ್ಷಣ ಪೂರ್ಣಾಂಕವಾಗಿದ್ದು, ಬಳಕೆದಾರರು ಅಲ್ಲಿ ‘ಇಪ್ಪತ್ತು’ ಎಂದು ಅಕ್ಷರಗಳಲ್ಲಿ ಬರೆದರೆ ಆ ಪಠ್ಯಕ್ಕೆ ಮೂಲ ಆಬ್ಜೆಕ್ಟಿನಲ್ಲಿ ಜಾಗವೇ ಇಲ್ಲ. ಸ್ಪ್ರಿಂಗ್‌ನ ಫೀಲ್ಡ್‌ಎರರ್ ಅದನ್ನು ತನ್ನಲ್ಲಿ ಉಳಿಸಿಕೊಳ್ಳುವುದರಿಂದ, ಪುಟವನ್ನು ಮರಳಿ ತೋರಿಸುವಾಗ ಬಳಕೆದಾರರು ಬರೆದದ್ದು ಬರೆದಂತೆಯೇ ಕಾಣುತ್ತದೆ. ಗುಪ್ತಪದದ ವಿಷಯದಲ್ಲಿ ಮಾತ್ರ ಈ ಸೌಕರ್ಯ ಅಪಾಯಕಾರಿ: ದೋಷ ಆಬ್ಜೆಕ್ಟನ್ನು ಹಾಗೆಯೇ ಲಾಗ್ ಕಡತಕ್ಕೆ ಬರೆದರೆ ಗುಪ್ತಪದವೂ ಅದರಲ್ಲಿ ಸೇರಿಬಿಡುತ್ತದೆ.

ಕೆಲವು ದೋಷಗಳು ಯಾವ ಒಂದು ಫೀಲ್ಡಿಗೂ ಸೇರಿದವಲ್ಲ. ರಜೆಯ ಆರಂಭದ ದಿನಾಂಕ ಮುಕ್ತಾಯದ ದಿನಾಂಕಕ್ಕಿಂತ ಮುಂದಿದ್ದರೆ ತಪ್ಪು ಎರಡರ ಸಂಬಂಧದಲ್ಲಿದೆ. ಇಂಥವುಗಳಿಗಾಗಿ ರೈಲ್ಸ್‌ನಲ್ಲಿ ಬೇಸ್ ಎಂಬ ಕೀಲಿಯೂ ಜಾಂಗೊದಲ್ಲಿ ನಾನ್ ಫೀಲ್ಡ್ ಎರರ್ಸ್ ಎಂಬ ಪ್ರತ್ಯೇಕ ಪಟ್ಟಿಯೂ ಇವೆ.

ಪಠ್ಯದಿಂದ ಆಬ್ಜೆಕ್ಟಿಗೆ: ರೈಲ್ಸ್‌ನ ಉದಾಹರಣೆ

ರೈಲ್ಸ್ ಬಹುಕಾಲ ದೋಷಗಳನ್ನು ಫೀಲ್ಡಿನ ಹೆಸರು ಮತ್ತು ಸಿದ್ಧ ಸಂದೇಶಗಳ ಕೋಷ್ಟಕವಾಗಿ ಇಟ್ಟುಕೊಂಡಿತ್ತು. ಸಂದೇಶದ ವಾಕ್ಯವೇ ದೋಷದ ಗುರುತೂ ಆಗಿದ್ದುದರಿಂದ, ವಾಕ್ಯದಲ್ಲಿ ಒಂದು ಪದ ತಿದ್ದಿದರೂ ಅದನ್ನು ನೆಚ್ಚಿಕೊಂಡ ಪರೀಕ್ಷೆಗಳು ಮುರಿಯುತ್ತಿದ್ದವು. 2016ರ 5.0 ಆವೃತ್ತಿಯಲ್ಲಿ ದೋಷದ ಬಗೆಯನ್ನು ಸಂಕೇತನಾಮದಿಂದ ತಿಳಿಸುವ ಡೀಟೇಲ್ಸ್ ಎಂಬ ಮತ್ತೊಂದು ಕೋಷ್ಟಕ ಜೊತೆಗೂಡಿತು. ಒಂದೇ ಸಂಗತಿಯನ್ನು ಎರಡು ಕಡೆ ಇಡುವ ಈ ಏರ್ಪಾಡು ತಾತ್ಕಾಲಿಕ ಪರಿಹಾರವೇ ಆಗಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ 6.1 ಆವೃತ್ತಿಯಲ್ಲಿ ಪ್ರತಿ ದೋಷವೂ ಎರರ್ ಕ್ಲಾಸಿನ ಸ್ವತಂತ್ರ ಆಬ್ಜೆಕ್ಟ್ ಆಯಿತು. ಸಂದೇಶವನ್ನು ಕೇಳಿದಾಗ ಆ ಆಬ್ಜೆಕ್ಟೇ ರಚಿಸಿಕೊಡುತ್ತದೆ.

ಸಂದೇಶ ಮತ್ತು ಕನ್ನಡ

ಸಂದೇಶವನ್ನು ತಡವಾಗಿ, ಅಂದರೆ ತೋರಿಸುವ ಹೊತ್ತಿನಲ್ಲಿ ರಚಿಸುವುದರ ಮಹತ್ವ ಅನುವಾದದಲ್ಲಿ ಸ್ಪಷ್ಟವಾಗುತ್ತದೆ. ಫೀಲ್ಡಿನ ಹೆಸರಿನ ಮುಂದೆ ಸಿದ್ಧ ವಾಕ್ಯಖಂಡ ಅಂಟಿಸುವ ಪದ್ಧತಿ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ನಾಮಪದಕ್ಕೇ ಸೇರಿ, ಸಂಧಿಯಲ್ಲಿ ರೂಪ ಬದಲಾಗುತ್ತದೆ: ‘ಹೆಸರು’ ‘ಹೆಸರನ್ನು’ ಆದರೆ ‘ವಿಳಾಸ’ ‘ವಿಳಾಸವನ್ನು’ ಆಗುತ್ತದೆ. ಫೀಲ್ಡಿನ ಹೆಸರಿಗೆ ‘ಅನ್ನು ನಮೂದಿಸಿ’ ಎಂದು ಯಾಂತ್ರಿಕವಾಗಿ ಜೋಡಿಸಿದಾಗ ಹುಟ್ಟುವ ‘ವಿಳಾಸಅನ್ನು’ ಯಾವ ಕನ್ನಡವೂ ಅಲ್ಲ. ದೋಷದ ಬಗೆ ಮತ್ತು ಫೀಲ್ಡ್ ಎರಡೂ ಬೇರೆ ಬೇರೆಯಾಗಿ ದೊರೆತಾಗ ಅನುವಾದಕರು ಪ್ರತಿ ಜೋಡಿಗೂ ಇಡಿಯ ವಾಕ್ಯ ಬರೆಯಬಹುದು.

ನಿಯಮದ ಅಳತೆಗೋಲೂ ಹೀಗೆಯೇ ಗೊಂದಲ ತರುತ್ತದೆ. ‘ಲಕ್ಷ್ಮಿ’ ಎಂಬ ಹೆಸರು ಓದುವವರಿಗೆ ಎರಡು ಅಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತಬಿಂದುಗಳು, ಯುಟಿಎಫ್-8ರಲ್ಲಿ 21 ಬೈಟ್‌ಗಳು. ‘ಗರಿಷ್ಠ 20 ಅಕ್ಷರಗಳು’ ಎಂಬ ಸಂದೇಶ ಈ ಮೂರರಲ್ಲಿ ಯಾವುದನ್ನು ಎಣಿಸುತ್ತಿದೆ ಎಂದು ತಿಳಿಯದವರಿಗೆ ತಮ್ಮ ತಪ್ಪೇನೆಂದು ಅರ್ಥವಾಗದು. ಅಂಕಿಗಳ ಕಥೆಯೂ ಬೇರೆಯಲ್ಲ. ಪೈಥಾನ್ 3ರ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಅಂಕಿಯನ್ನು ಸೂಚಿಸುವ ಸಂಕೇತವು ಪಠ್ಯದಲ್ಲಿ ‘೫೬೦೦೦೧’ ಅನ್ನು ಸಹಜವಾಗಿ ಒಪ್ಪುತ್ತದೆ. ಜಾವಾಸ್ಕ್ರಿಪ್ಟ್‌ನ ಅದೇ ಸಂಕೇತ ಒಪ್ಪುವುದಿಲ್ಲ. ಹೀಗಾಗಿ ಬ್ರೌಸರ್ ತಿರಸ್ಕರಿಸಿದ ಪಿನ್ ಕೋಡನ್ನು ಸರ್ವರ್ ಸ್ವೀಕರಿಸುವ ಸಂದರ್ಭವೂ ಉಂಟು.

ಬ್ರೌಸರ್ ಮತ್ತು ಎಚ್‌ಟಿಟಿಪಿ

ಬ್ರೌಸರ್‌ನಲ್ಲಿ ಪ್ರತಿ ಫೀಲ್ಡಿಗೂ ವ್ಯಾಲಿಡಿಟಿಸ್ಟೇಟ್ ಎಂಬ ಆಬ್ಜೆಕ್ಟ್ ಇರುತ್ತದೆ. ಮೌಲ್ಯ ಬಿಟ್ಟುಹೋಗಿದೆ, ಬಗೆ ಹೊಂದುತ್ತಿಲ್ಲ, ಉದ್ದ ಮೀರಿದೆ ಎಂಬಂಥ ಸಂಗತಿಗಳನ್ನು ಅದು ಸಂದೇಶವಾಗಿ ಅಲ್ಲ, ನಿಜ ಅಥವಾ ಸುಳ್ಳು ಎಂಬ ಗುಣಲಕ್ಷಣಗಳಾಗಿ ತಿಳಿಸುತ್ತದೆ. ಬ್ರೌಸರ್‌ನ ಪರಿಶೀಲನೆಯನ್ನು ಸುಲಭವಾಗಿ ತಪ್ಪಿಸಬಹುದಾದ್ದರಿಂದ ಸರ್ವರ್‌ನಲ್ಲಿ ಮತ್ತೆ ಪರಿಶೀಲಿಸುವುದು ಅನಿವಾರ್ಯ.

ಸಿಂಧುವಲ್ಲದ ದತ್ತಾಂಶಕ್ಕೆ ಸರ್ವರ್‌ಗಳು ಸಾಮಾನ್ಯವಾಗಿ 400 ಅಥವಾ 422 ಸ್ಥಿತಿಸಂಕೇತ ಕಳುಹಿಸುತ್ತವೆ. ವೆಬ್‌ಡ್ಯಾವ್‌ಗಾಗಿ ಹುಟ್ಟಿದ 422 ಸಂಕೇತವನ್ನು 2022ರ ಆರ್‌ಎಫ್‌ಸಿ 9110 ಎಚ್‌ಟಿಟಿಪಿಯ ಮೂಲ ನಿರ್ದಿಷ್ಟತೆಗೇ ಸೇರಿಸಿತು. ದೋಷದ ವಿವರಗಳನ್ನು ಜೆಸನ್ ರೂಪದಲ್ಲಿ ಕಳುಹಿಸುವ ಕ್ರಮವನ್ನು 2016ರ ಆರ್‌ಎಫ್‌ಸಿ 7807 ನಿಗದಿಪಡಿಸಿತ್ತು. 2023ರಲ್ಲಿ ಅದರ ಸ್ಥಾನಕ್ಕೆ ಆರ್‌ಎಫ್‌ಸಿ 9457 ಬಂದಿತು.

ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೆ ಪುಟದ ಮೇಲ್ಭಾಗದ ಕೆಂಪು ಸಾಲು ನೆರವಾಗದು. ದೋಷವು ತಾನು ಸೇರಿದ ಫೀಲ್ಡನ್ನು ಬಲ್ಲದಾದರೆ, ಏರಿಯಾ ಗುಣಲಕ್ಷಣಗಳ ಮೂಲಕ ಸಂದೇಶವನ್ನು ಆ ಫೀಲ್ಡಿಗೇ ಕಟ್ಟಿ ಓದಿಸಬಹುದು.

ದತ್ತಸಂಚಯದ ದೋಷಗಳು

ಒಂದೇ ಇಮೇಲ್ ವಿಳಾಸ ಎರಡು ಸಲ ನೋಂದಣಿಯಾಗಬಾರದು ಎಂಬ ನಿಯಮವನ್ನು ಆಬ್ಜೆಕ್ಟಿನ ಮಟ್ಟದ ಪರಿಶೀಲನೆಯೊಂದೇ ಕಾಯಲಾರದು. ಇಬ್ಬರು ಒಂದೇ ಕ್ಷಣದಲ್ಲಿ ಅರ್ಜಿ ಸಲ್ಲಿಸಿದರೆ ಎರಡೂ ಪರಿಶೀಲನೆಗಳು ಗೆಲ್ಲಬಹುದು. ಕೊನೆಗೆ ಒಂದನ್ನು ತಡೆಯುವುದು ದತ್ತಸಂಚಯದ ಯೂನಿಕ್ ಇಂಡೆಕ್ಸ್. ರೈಲ್ಸ್‌ನಲ್ಲಿ ಆಗ ರೆಕಾರ್ಡ್‌ನಾಟ್‌ಯೂನಿಕ್ ಎಂಬ ಎಕ್ಸೆಪ್ಶನ್ ಬರುತ್ತದೆ. ಅದನ್ನು ಹಿಡಿದು ಇಮೇಲ್ ಫೀಲ್ಡಿನ ಸಾಮಾನ್ಯ ದೋಷವಾಗಿ ಮಾರ್ಪಡಿಸುವ ಕೆಲಸ ಪ್ರೋಗ್ರಾಮರ್‌ಗೆ ಸೇರಿದ್ದು. ಈ ವಿಳಾಸ ಈಗಾಗಲೇ ನೋಂದಣಿಯಾಗಿದೆ ಎಂಬ ಸಂದೇಶವು ಯಾರು ಸದಸ್ಯರೆಂಬುದನ್ನು ಅಪರಿಚಿತರಿಗೂ ತಿಳಿಸುತ್ತದೆ. ಆದಕಾರಣ ಕೆಲವು ತಾಣಗಳು ಪುಟದಲ್ಲಿ ದೋಷವನ್ನೇ ತೋರಿಸದೆ, ವಿಷಯವನ್ನು ಆ ವಿಳಾಸಕ್ಕೆ ಇಮೇಲ್ ಮೂಲಕ ತಿಳಿಸುತ್ತವೆ.